ಬರದಲ್ಲಿ ಮರ ನೀರನ್ನು ಹೇಗೆ ನಿಭಾಯಿಸುತ್ತಿದೆ: ಎಲೆಯಿಂದಲೇ ಅಳೆಯುವ ಕ್ರಮ

ಉಷ್ಣವಲಯದ ಒಣಕಾಡಿನಲ್ಲಿ ಹಸಿರು ಮರಕ್ಕೆ ನೀರು ಸಿಗುತ್ತಿದೆ, ಬೋಳು ಮರ ಬಾಯಾರಿದೆ ಎಂದು ನೋಡಿಯೇ ಹೇಳಲಾಗದು. ಅಳೆಯಬೇಕು. ಪ್ರೆಶರ್ ಚೇಂಬರ್ (ಎಲೆಯ ಮೇಲೆ ಅನಿಲದ ಒತ್ತಡ ಹಾಕಿ, ಎಷ್ಟು ಒತ್ತಡಕ್ಕೆ ತೊಟ್ಟಿನಲ್ಲಿ ನೀರು ಹೊರಬರುತ್ತದೆಂದು ಅಳೆಯುವ ಉಪಕರಣ), ಸಾರಜನಕದ ಸಿಲಿಂಡರ್, ಭೂತಗನ್ನಡಿ, ಹರಿತವಾದ ಬ್ಲೇಡು, ರಕ್ಷಣಾ ಕನ್ನಡಕ ಇರಲಿ.

ಮೋಡವಿಲ್ಲದ ದಿನ ಒಂದೇ ಮರವನ್ನು ಎರಡು ಸಲ ಅಳೆಯಿರಿ: ಬೆಳಕು ಹರಿಯುವ ಮುನ್ನ, ಮತ್ತೆ ನಡುಮಧ್ಯಾಹ್ನ. ರಾತ್ರಿ ಪತ್ರರಂಧ್ರಗಳು (ನೀರಾವಿ ಹೊರಹೋಗುವ ಎಲೆಯ ಸೂಕ್ಷ್ಮ ತೂತುಗಳು) ಮುಚ್ಚಿರುವುದರಿಂದ ನಸುಕಿನ ಹೊತ್ತಿಗೆ ಎಲೆಯ ಜಲವಿಭವ (ನೀರಿನ ಬಿಗಿತದ ಅಳತೆ; ಸೊನ್ನೆಗಿಂತ ಕೆಳಗಿಳಿದಷ್ಟೂ ಬಾಯಾರಿಕೆ ಹೆಚ್ಚು) ಬೇರಿನ ಸುತ್ತಲ ಮಣ್ಣಿನದಕ್ಕೆ ಹತ್ತಿರವಾಗಿರುತ್ತದೆ. ಬಿಸಿಲು ಬಿದ್ದ ಮೇಲೆ ಕಿತ್ತ ಎಲೆ ಈ ಅಳತೆಗೆ ಬಾರದು.

ಬಲಿತ, ಗಾಯವಿಲ್ಲದ ಮೂರು ಎಲೆ ಆರಿಸಿ. ಕತ್ತರಿಸುವ ಮುನ್ನವೇ ಪ್ಲಾಸ್ಟಿಕ್ ಚೀಲ ತೊಡಿಸಿ; ಇಲ್ಲದಿದ್ದರೆ ಎಲೆ ದಾರಿಯಲ್ಲೇ ಒಣಗಿ ಮರ ನಿಜಕ್ಕಿಂತ ಹೆಚ್ಚು ಬಾಯಾರಿದಂತೆ ತೋರುತ್ತದೆ. ತೊಟ್ಟನ್ನು ಒಂದೇ ಸಲಕ್ಕೆ ಕತ್ತರಿಸಿ, ಮತ್ತೆ ಮತ್ತೆ ಸವರಬೇಡಿ. ಎಲೆ ಚೇಂಬರಿನೊಳಗೆ, ತೊಟ್ಟಿನ ತುದಿ ಮಾತ್ರ ರಬ್ಬರಿನ ಹೊರಗೆ. ಒತ್ತಡವನ್ನು ಸೆಕೆಂಡಿಗೆ ಸುಮಾರು 0.02 ಮೆಗಾಪ್ಯಾಸ್ಕಲ್‌ನಂತೆ ಏರಿಸಿ. ಅವಸರಪಟ್ಟರೆ ಸರಿಯಾದ ಬಿಂದು ದಾಟಿಹೋಗುತ್ತದೆ. ಮುಖವನ್ನು ಚೇಂಬರಿನ ಮೇಲೆ ನೇರವಾಗಿ ಒಡ್ಡಲೇಬೇಡಿ, ತೊಟ್ಟು ಸಿಡಿಯಬಹುದು. ಕತ್ತರಿಸಿದ ಮುಖದಲ್ಲಿ ನೀರು ಕಂಡ ಕ್ಷಣದ ಒತ್ತಡವನ್ನು ಋಣಚಿಹ್ನೆಯೊಂದಿಗೆ ಬರೆದುಕೊಳ್ಳಿ. ಬರೀ ಗುಳ್ಳೆ ಬಂದರೆ ಅದು ಅನಿಲ, ನೀರಲ್ಲ. ಆಲ, ಅತ್ತಿಯಲ್ಲಿ ಮೊದಲು ಹಾಲು ಒಸರುತ್ತದೆ. ಒತ್ತುಕಾಗದದಿಂದ ಒರೆಸಿ, ತಿಳಿನೀರಿಗೆ ಕಾಯಿರಿ.

ಒಂದು ದಿನದ ಅಂಕಿಯಿಂದ ಮರದ ನಡೆ ತಿಳಿಯದು. ಮಳೆ ನಿಂತಾಗಿನಿಂದ ಎರಡು ವಾರಕ್ಕೊಮ್ಮೆ ಅಳೆಯಿರಿ. ಉದಾಹರಣೆಗೆ, ನಸುಕಿನ ಅಂಕಿ -0.5ರಿಂದ -1.5 ಮೆಗಾಪ್ಯಾಸ್ಕಲ್‌ಗೆ ಇಳಿದರೂ ಮಧ್ಯಾಹ್ನದ್ದು -1.8ರ ಆಸುಪಾಸಿನಲ್ಲೇ ನಿಂತಿದ್ದರೆ ಮರ ಪತ್ರರಂಧ್ರ ಮುಚ್ಚಿ ನೀರು ಉಳಿಸುತ್ತಿದೆ. ಜೊತೆಗೆ ಆಹಾರ ತಯಾರಿಯೂ ಕುಗ್ಗುತ್ತದೆ. ಮಧ್ಯಾಹ್ನದ್ದೂ ಅಷ್ಟೇ ಇಳಿದಿದ್ದರೆ ಮರ ಪತ್ರರಂಧ್ರ ತೆರೆದೇ ಇಟ್ಟು ಎಳೆಯುತ್ತಿದೆ: ಆಹಾರ ಸಿಗುತ್ತದೆ, ಆದರೆ ನೀರ್ಗೊಳವೆಗಳಲ್ಲಿ ಗಾಳಿ ಸೇರಿ ಹರಿವು ಕಡಿಯುವ ಅಪಾಯ ಹೆಚ್ಚು.

ಎಲೆ ಉದುರಿದ ಮೇಲೂ ನಿಲ್ಲಿಸಬೇಡಿ, ಎಳೆಯ ಕಡ್ಡಿಯನ್ನೇ ಚೇಂಬರಿಗೆ ಹಾಕಿ. ಅನೇಕರು ಬಿಟ್ಟುಬಿಡುವ ಈ ಹಂತವೇ ಅತಿ ಮುಖ್ಯ. ಬೂರುಗದಂಥ ಮೆದುಮರಗಳು ಕಾಂಡದಲ್ಲಿ ಸಾಕಷ್ಟು ನೀರು ಕೂಡಿಟ್ಟಿರುತ್ತವೆ. ಎಲೆ ಉದುರಿ ನಷ್ಟ ನಿಂತೊಡನೆ, ಮಳೆ ಇಲ್ಲದೆಯೂ ಅಂಕಿ ಸೊನ್ನೆಯತ್ತ ಮರಳಬಹುದು. ಬೋಳು ಕೊಂಬೆಯಲ್ಲಿ ಮಳೆಗೆ ಮುಂಚೆಯೇ ಹೂವು, ಚಿಗುರು ಮೂಡುವುದು ಈ ನೀರಿನಿಂದ.