ಬರ್ಗೆನ್‌ನಲ್ಲಿ ಹಡಗಿನಿಂದಿಳಿದು ಒಂದು ದಿನ ಆರಾಮಾಗಿ ಕಳೆಯುವುದು ಹೇಗೆ?

ನಾರ್ವೆಯ ಕ್ರೂಸ್ ಹೊರಟವರಿಗೆ ಬರ್ಗೆನ್ ಬಂದರು ಸಿಗದೇ ಇರುವುದು ಅಪರೂಪ. ಬೆಳಿಗ್ಗೆ ಹಡಗು ನಿಲ್ಲುತ್ತದೆ, ಸಂಜೆ ಹೊರಡುತ್ತದೆ. ನಡುವೆ ಸಿಗುವುದು ಏಳೆಂಟು ಗಂಟೆ. ಅಷ್ಟರಲ್ಲಿ ಊರೆಲ್ಲ ನೋಡಿಬಿಡಬೇಕು ಅಂತ ಬಸ್ ಹತ್ತಿ ಇಳಿದು, ಹತ್ತಿ ಇಳಿದು ಸುಸ್ತಾಗುವವರೇ ಜಾಸ್ತಿ. ನಾನೂ ಮೊದಲ ಸಲ ಹಾಗೇ ಮಾಡಿದ್ದೆ. ಎರಡನೇ ಸಲ ಅಮ್ಮ ಜೊತೆಗಿದ್ದರು. ಅವರ ನಡಿಗೆಗೆ ತಕ್ಕಂತೆ ಮೂರೇ ಜಾಗ ನೋಡಿದೆವು. ಆ ದಿನದ ಒಂದೊಂದು ಗಳಿಗೆಯೂ ಇವತ್ತಿಗೂ ನೆನಪಿದೆ. ಹಾಗಾಗಿ ಮೂರೇ ಜಾಗ ಸಾಕು, ಮೂರೂ ನಡೆಯುವಷ್ಟು ಹತ್ತಿರವೇ ಇವೆ.

ಹಿಂದಿನ ರಾತ್ರಿ

ಹಡಗು ಯಾವ ಕಟ್ಟೆಗೆ ಬರುತ್ತದೆ ಎಂದು ರಿಸೆಪ್ಷನ್‌ನಲ್ಲಿ ಕೇಳಿ. ಸ್ಕೋಲ್ಟೆನ್ ಆದರೆ ಹಳೇ ಪೇಟೆಗೆ ಹತ್ತು ಹದಿನೈದು ನಿಮಿಷದ ನಡಿಗೆ. ಯೆಕ್ತೆವಿಕೆನ್ ಆದರೆ ಸರಕಿನ ಲಾರಿಗಳು ಓಡಾಡುವ ಜಾಗ, ಊರಿನ ಮಧ್ಯಕ್ಕೆ ಶಟಲ್ ಬಸ್ ಹಿಡಿಯಬೇಕು.

ಬ್ಯಾಗಿಗೆ ಹಡಗಿನ ಕಾರ್ಡ್, ಪಾಸ್‌ಪೋರ್ಟಿನ ಪ್ರತಿ, ನೀರಿನ ಬಾಟಲಿ, ಮಳೆಕೋಟು ಹಾಕಿಕೊಳ್ಳಿ. ಅಲ್ಲಿ ನಲ್ಲಿ ನೀರನ್ನೇ ಧೈರ್ಯವಾಗಿ ಕುಡಿಯಬಹುದು, ಬಾಟಲಿ ನೀರಿಗೆ ದುಡ್ಡು ಸುರಿಯಬೇಡಿ. ಮಳೆಕೋಟು ಮಾತ್ರ ಮರೆಯಲೇಬೇಡಿ. ಬರ್ಗೆನ್‌ನಲ್ಲಿ ವರ್ಷಕ್ಕೆ 200ಕ್ಕೂ ಜಾಸ್ತಿ ದಿನ ಮಳೆ. ಪಶ್ಚಿಮದ ಸಮುದ್ರದಿಂದ ಬರುವ ಮೋಡಗಳನ್ನು ಊರ ಸುತ್ತಲಿನ ಬೆಟ್ಟಗಳು ತಡೆದು ನಿಲ್ಲಿಸುತ್ತವೆ, ನಮ್ಮ ಘಟ್ಟದ ಹಾಗೇ. ಆದರೆ ಆಗುಂಬೆಯಂತೆ ಧೋ ಎಂದು ಸುರಿಯುವುದು ಕಡಿಮೆ. ಜಿಟಿಜಿಟಿ ಹಿಡಿಯುತ್ತದೆ, ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಗಾಳಿಗೆ ಕೊಡೆ ನಿಲ್ಲುವುದಿಲ್ಲ.

ಕರೆನ್ಸಿ ಬದಲಾಯಿಸುವ ಗೋಜೂ ಬೇಡ. ನಾರ್ವೆಯ ಹಣ ಕ್ರೋನ್, ಆದರೆ ಒಂದು ಕಾಫಿಗೂ ಕಾರ್ಡ್ ತಾಗಿಸಿದರೆ ಆಯ್ತು. ಹೊರದೇಶದ ವಹಿವಾಟಿಗೆ ನಿಮ್ಮ ಕಾರ್ಡ್ ತೆರೆದಿದೆಯೇ ಎಂದು ಊರಿನಲ್ಲೇ ನೋಡಿಕೊಂಡಿರಿ. ವೀಸಾ ವಿಷಯವೂ ಅಷ್ಟೇ. ನಾರ್ವೆ ಯುರೋಪಿಯನ್ ಒಕ್ಕೂಟದಲ್ಲಿಲ್ಲ, ಆದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಾದ ಷೆಂಗೆನ್‌ನಲ್ಲಿದೆ. ಬ್ರಿಟನ್ ಷೆಂಗೆನ್‌ನಲ್ಲಿಲ್ಲ. ಸೌತಾಂಪ್ಟನ್‌ನಿಂದ ಹಡಗು ಹತ್ತಿ ಅಲ್ಲಿಗೇ ವಾಪಸಾಗುವ ಭಾರತೀಯ ಪಾಸ್‌ಪೋರ್ಟಿನವರು ಬ್ರಿಟನ್ನಿನ ವೀಸಾದಲ್ಲಿ ಮರುಪ್ರವೇಶಕ್ಕೆ ಅವಕಾಶ ಇದೆಯೇ ಎಂದು ತಿಂಗಳುಗಟ್ಟಲೆ ಮೊದಲೇ ಖಚಿತ ಮಾಡಿಕೊಳ್ಳಬೇಕು.

ಬೆಳಿಗ್ಗೆ ಮೊದಲು ಬೆಟ್ಟ

ತಿಂಡಿ ಹಡಗಿನಲ್ಲೇ ಹೊಟ್ಟೆ ತುಂಬ ತಿಂದು ಬೇಗ ಇಳಿಯಿರಿ. ನೇರ ಫ್ಲೊಯ್‌ಬಾನೆನ್‌ಗೆ ಹೋಗಿ. ಇದು ಹಗ್ಗ ಎಳೆಯುವ ಬೆಟ್ಟದ ರೈಲು. 1918ರಿಂದ ಓಡುತ್ತಿದೆ. ಎರಡೇ ಬೋಗಿ, ಒಂದು ಮೇಲೇರುವಾಗ ಇನ್ನೊಂದು ಕೆಳಗಿಳಿಯುತ್ತದೆ. ಒಂದರ ಭಾರ ಇನ್ನೊಂದಕ್ಕೆ ಆಸರೆ, ಬಾವಿಯ ರಾಟೆಗೆ ಎರಡೂ ತುದಿಯಲ್ಲಿ ಕೊಡ ಕಟ್ಟಿದಂತೆ. ಆರೇಳು ನಿಮಿಷದಲ್ಲಿ 320 ಮೀಟರ್ ಎತ್ತರದ ಫ್ಲೊಯೆನ್ ತಲುಪುತ್ತೀರಿ. ಟಿಕೆಟ್ ಆನ್‌ಲೈನ್‌ನಲ್ಲಿ ಮೊದಲೇ ತೆಗೆದುಕೊಂಡಿರಿ. ಎರಡು ಮೂರು ಹಡಗು ಒಟ್ಟಿಗೆ ಬಂದ ದಿನ ಹತ್ತು ಗಂಟೆ ದಾಟಿದರೆ ಸಾಲು ಬೀದಿಗೇ ಬರುತ್ತದೆ.

ಮೇಲೆ ಹೋದವರು ಊರು ಕಾಣುವ ಕಟ್ಟೆಯ ಹತ್ತಿರ ಫೋಟೋ ತೆಗೆದು ತಕ್ಷಣ ವಾಪಸಾಗುತ್ತಾರೆ. ಹಾಗೆ ಮಾಡಬೇಡಿ. ಹತ್ತು ನಿಮಿಷ ಕಾಡಿನೊಳಗೆ ನಡೆದರೆ ಜನ ಕರಗಿಬಿಡುತ್ತಾರೆ. ಪಾಚಿ, ಪೈನ್ ಮರ, ಒದ್ದೆ ಮಣ್ಣಿನ ವಾಸನೆ. ಬೇಸಿಗೆಯಲ್ಲಿ ಅಲ್ಲಿ ಮೇಕೆಗಳೂ ಅಡ್ಡಾಡುತ್ತಿರುತ್ತವೆ. ಅಮ್ಮ ಒಂದು ಬೆಂಚಿನ ಮೇಲೆ ಮುಕ್ಕಾಲು ಗಂಟೆ ಸುಮ್ನೆ ಕೂತರು. ಕೆಳಗೆ ನಮ್ಮ ಹಡಗು ಬೆಂಕಿಪೊಟ್ಟಣದಷ್ಟು ಕಾಣುತ್ತಿತ್ತು.

ಮಂಡಿ ಗಟ್ಟಿ ಇದ್ದವರು ಇಳಿಯುವಾಗ ನಡೆಯಿರಿ. ಮುಕ್ಕಾಲು ಗಂಟೆಯ ಹಾವಿನಂಥ ದಾರಿ, ಕೊನೆಯಲ್ಲಿ ಬಿಳಿ ಮರದ ಮನೆಗಳ ಓಣಿಗಳು. ಮಂಡಿ ನೋವಿದ್ದರೆ ಹೋಗಿಬರುವ ಟಿಕೆಟ್ಟೇ ಒಳ್ಳೆಯದು, ಯಾಕೆಂದರೆ ಹತ್ತುವುದಕ್ಕಿಂತ ಇಳಿಯುವುದೇ ಮಂಡಿಗೆ ಕಷ್ಟ, ಅಲ್ವಾ?

ಆಮೇಲೆ ಬ್ರಿಗ್ಗೆನ್

ಬ್ರಿಗ್ಗೆನ್ ಅಂದರೆ ಹಡಗುಕಟ್ಟೆ. ಕೆಂಪು, ಹಳದಿ, ಬಿಳಿ ಬಣ್ಣದ ಮರದ ಮನೆಗಳ ಸಾಲು. ನಾರ್ವೆಯ ಪೋಸ್ಟ್‌ಕಾರ್ಡುಗಳಲ್ಲಿ ನೀವು ನೋಡಿರುತ್ತೀರಿ. 1979ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ. ಆದರೆ ಎದುರಿನ ಸಾಲು ಬರೀ ಮುಖ. ಎರಡು ಮನೆಗಳ ನಡುವಿನ ಸಂದಿಗೆ ನುಗ್ಗಬೇಕು. ಕಾಲ ಕೆಳಗೆ ಹಲಗೆ, ತಲೆ ಮೇಲೆ ಚಾಚಿಕೊಂಡ ಮಹಡಿಗಳು, ಅಲ್ಲಲ್ಲಿ ಪಕ್ಕಕ್ಕೆ ವಾಲಿದ ಗೋಡೆಗಳು.

ಸುಮಾರು 1360ರಿಂದ 1754ರವರೆಗೆ ಇಲ್ಲಿ ಹಾನ್ಸಾ ಎಂಬ ವ್ಯಾಪಾರಿ ಕೂಟದ ಜರ್ಮನ್ ವರ್ತಕರು ಬೀಡುಬಿಟ್ಟಿದ್ದರು. ಉತ್ತರದಿಂದ ಒಣಗಿಸಿದ ಕಾಡ್ ಮೀನು ಬರುತ್ತಿತ್ತು, ಬದಲಿಗೆ ಧಾನ್ಯ ಹೋಗುತ್ತಿತ್ತು. ಉಪ್ಪು ಹಾಕದೆ, ಬರೀ ಚಳಿಗಾಳಿಗೆ ಒಣಗಿಸಿದ ಮೀನದು. ನಮ್ಮ ಕರಾವಳಿಯ ಉಪ್ಪು-ಬಿಸಿಲಿನ ಒಣಮೀನು ಕಂಡವರಿಗೆ ವಿಚಿತ್ರ ಅನ್ನಿಸಬಹುದು. ಮರದ ಮನೆಗಳಲ್ಲಿ ಬೆಂಕಿ ಹಚ್ಚುವಂತಿರಲಿಲ್ಲ. ಅಡುಗೆ, ಚಳಿ ಕಾಯಿಸಿಕೊಳ್ಳುವುದು ಎಲ್ಲ ಹಿಂದಿನ ಬೇರೆ ಕಟ್ಟಡಗಳಲ್ಲಿ. ಅಷ್ಟು ಜೋಪಾನ ಮಾಡಿದರೂ 1702ರಲ್ಲಿ ಎಲ್ಲ ಸುಟ್ಟುಹೋಯಿತು. ಹಳೇ ಅಳತೆಯಲ್ಲೇ ಮತ್ತೆ ಕಟ್ಟಿದರು. ಈಗ ನಾವು ನೋಡುವುದು ಅದನ್ನೇ.

1955ರಲ್ಲಿ ಮತ್ತೊಂದು ಬೆಂಕಿ. ಸುಟ್ಟ ಜಾಗವನ್ನು ಅಗೆದಾಗ ಉತ್ತರ ಯುರೋಪಿನ ಹಳೇ ರೂನ್ ಲಿಪಿ ಕೊರೆದ ನೂರಾರು ಮರದ ಕಡ್ಡಿಗಳು ಸಿಕ್ಕವು. ಲೆಕ್ಕ, ಹೆಸರು, ಪ್ರೀತಿಯ ಮಾತು. ಒಂದರಲ್ಲಿ ಇಷ್ಟೇ ಇದೆ: ‘ನೀನು ಮನೆಗೆ ಹೋಗಬೇಕಂತೆ, ಗ್ಯೂಡಾ ಹೇಳಿದ್ದಾಳೆ.’ ಆ ಗ್ಯೂಡಾ ಯಾರೋ, ಮನೆಗೆ ಹೋಗದೆ ಎಲ್ಲೋ ಕೂತಿದ್ದವನು ಯಾರೋ. ಶತಮಾನಗಳ ಹಿಂದಿನ ಒಂದು ಸಂಜೆ ಕಣ್ಣಿಗೆ ಕಟ್ಟುತ್ತದೆ. ಆ ಅಗೆತದ ಜಾಗದಲ್ಲೇ 1976ರಲ್ಲಿ ಬ್ರಿಗ್ಗೆನ್ ಮ್ಯೂಸಿಯಂ ತೆರೆಯಿತು. ಮಳೆ ಜೋರಾದರೆ ಒಳಗೆ ಹೋಗಿ, ಒಂದು ಗಂಟೆ ಸಾಕು.

ಊಟ

ಮೀನು ತಿನ್ನುವವರು ಮೀನು ಮಾರುಕಟ್ಟೆಯಲ್ಲಿ ಕೆನೆ ಹಾಕಿದ ಬಿಸಿ ಮೀನಿನ ಸೂಪ್ ಕುಡಿಯಿರಿ. ಬೆಲೆ ಕೇಳಿಯೇ ಆರ್ಡರ್ ಕೊಡಿ, ಅಲ್ಲಿ ಎಲ್ಲವೂ ದುಬಾರಿ. ಸಸ್ಯಾಹಾರಿಗಳಿಗೆ ಸ್ಕಿಲ್ಲಿಂಗ್ಸ್‌ಬೊಲ್ಲೆ ಇದೆ, ದಾಲ್ಚಿನ್ನಿ ಹಾಕಿ ಸುರುಳಿ ಸುತ್ತಿದ ಬನ್. ಹಳೇ ಕಾಲದ ಶಿಲ್ಲಿಂಗ್ ನಾಣ್ಯದಿಂದ ಬಂದ ಹೆಸರು. ವಾಫಲ್ ಜೊತೆ ಕಂದು ಚೀಸ್ ಕೊಡುತ್ತಾರೆ. ಚೀಸ್ ಮಾಡಿ ಉಳಿದ ಹಾಲಿನ ನೀರನ್ನು ಬತ್ತಿಸಿ ಬತ್ತಿಸಿ ಮಾಡಿದ್ದು. ನನಗಂತೂ ಚೂರು ಉಪ್ಪು ಬಿದ್ದ ಧಾರವಾಡ ಪೇಡಾದ ನೆನಪಾಯಿತು. ವಾಫಲ್‌ಗೆ ಮೊಟ್ಟೆ ಹಾಕುತ್ತಾರೆ, ಬೇಡದವರು ಮೊದಲೇ ಕೇಳಿ. ಭಾನುವಾರ ದೊಡ್ಡ ದಿನಸಿ ಅಂಗಡಿಗಳು ಸಾಮಾನ್ಯವಾಗಿ ಮುಚ್ಚಿರುತ್ತವೆ, ಆ ದಿನ ಹಣ್ಣುಹಂಪಲು ಹಡಗಿನಲ್ಲೇ ನೋಡಿಕೊಳ್ಳಿ.

ವಾಪಸ್

ಹಡಗು ಹೊರಡುವ ಹೊತ್ತು ಬೇರೆ, ಎಲ್ಲರೂ ಹತ್ತಿರಬೇಕಾದ ಹೊತ್ತು ಬೇರೆ. ಎರಡನೆಯದನ್ನೇ ಬರೆದಿಟ್ಟುಕೊಳ್ಳಿ. ನಿಮ್ಮಷ್ಟಕ್ಕೆ ಸುತ್ತಲು ಹೋದವರಿಗಾಗಿ ಹಡಗು ಕಾಯುವುದಿಲ್ಲ. ಫೋನಿನ ಗಡಿಯಾರಕ್ಕೂ ಹಡಗಿನ ಗಡಿಯಾರಕ್ಕೂ ಒಮ್ಮೊಮ್ಮೆ ಒಂದು ಗಂಟೆ ವ್ಯತ್ಯಾಸ ಇರುತ್ತದೆ, ಇಳಿಯುವಾಗಲೇ ತಾಳೆ ನೋಡಿ. ಒಂದು ಗಂಟೆ ಮುಂಚೆ ಕಟ್ಟೆಯತ್ತ ಹೊರಡಿ.

ಸ್ಕೋಲ್ಟೆನ್‌ಗೆ ಹೋಗುವವರಿಗೆ ದಾರಿಯಲ್ಲೇ ಬರ್ಗೆನ್‌ಹುಸ್ ಕೋಟೆ ಸಿಗುತ್ತದೆ. ಕೋಟೆಯ ಹುಲ್ಲಿನ ಬಯಲಿಗೆ ಟಿಕೆಟ್ ಇಲ್ಲ. ಒಳಗಿರುವ ಕಲ್ಲಿನ ದೊಡ್ಡ ಸಭಾಂಗಣವನ್ನು 13ನೇ ಶತಮಾನದಲ್ಲಿ ದೊರೆ ಹೋಕನ್ ಕಟ್ಟಿಸಿದ್ದು. 1261ರಲ್ಲಿ ಅವನ ಮಗನ ಮದುವೆ ಊಟ ಅಲ್ಲೇ ನಡೆಯಿತು. ಸಮಯ ಉಳಿದಿದ್ದರೆ ಅಲ್ಲಿ ಕೂತು ಕಾಲು ಚಾಚಿ.

ಹಡಗು ಹತ್ತಿದ ಕೂಡಲೇ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಸಮುದ್ರದ ನೆಟ್‌ವರ್ಕ್ ಹಿಡಿದುಕೊಂಡರೆ ಬಿಲ್ ಕಣ್ಣಲ್ಲಿ ನೀರು ತರಿಸುತ್ತದೆ. ಊಟಕ್ಕೆ ಅವಸರ ಮಾಡದೆ ಮೇಲಿನ ಡೆಕ್ಕಿಗೆ ಹೋಗಿ. ತೆರೆದ ಸಮುದ್ರ ಬರುವವರೆಗೂ ಎರಡೂ ಕಡೆ ದ್ವೀಪಗಳು ಸರಿಯುತ್ತಿರುತ್ತವೆ. ಜೂನ್ ತಿಂಗಳಾದರೆ ಸೂರ್ಯ ಮುಳುಗುವುದು ರಾತ್ರಿ ಹನ್ನೊಂದರ ಸುಮಾರಿಗೆ, ಸ್ವೆಟರ್ ಜೊತೆಗಿರಲಿ.