ಮಳೆ ನಿಲ್ಲಲಿ, ಹಡಗಿಗೆ ಬಣ್ಣ ಬಳಿಯೋಣ

ಚಿಕ್ಕಮಗಳೂರಲ್ಲಿ ಕೂತು ಯುದ್ಧನೌಕೆ ಕಟ್ಟುತ್ತೇನೆ ಅಂದರೆ ನಗುವವರೇ ಜಾಸ್ತಿ. ನಗಲಿ ಬಿಡಿ, ನಾನು ಕಟ್ಟೋದು ಮನೆಯಲ್ಲಿಡುವ ಪುಟ್ಟ ಮಾದರಿ. ಕಟ್ಟೋದು ಅಷ್ಟು ಕಷ್ಟವಲ್ಲ. ಇಲ್ಲಿ ಕಾಡೋದು ಬಣ್ಣ ಒಣಗಿಸುವ ಕೆಲಸ.

ಮೊದಲು ಹಡಗನ್ನು ಆರಿಸಬೇಕು. ಎಲ್ಲರಿಗೂ ವಿಮಾನವಾಹಕ ನೌಕೆ ವಿಕ್ರಾಂತ್ ಮೇಲೆ ಕಣ್ಣು. ಅದರ ಉದ್ದ 262 ಮೀಟರ್. ಇನ್ನೂರರಲ್ಲಿ ಒಂದು ಪಾಲಿಗೆ ಇಳಿಸಿದರೂ 131 ಸೆಂ.ಮೀ. ಆಗುತ್ತದೆ. ಇಡೋದೆಲ್ಲಿ? ನಾನು ಹಿಡಿದದ್ದು ಕಾರವಾರದ ಠಾಗೋರ್ ಕಡಲತೀರದ ಐಎನ್‌ಎಸ್ ಚಾಪೆಲ್. 2005ರಲ್ಲಿ ಸೇವೆ ಮುಗಿಸಿದ ಪುಟ್ಟ ಕ್ಷಿಪಣಿ ದೋಣಿ. 1971ರ ಡಿಸೆಂಬರ್ 4ರ ರಾತ್ರಿ ಕರಾಚಿ ಮೇಲೆ ಕ್ಷಿಪಣಿ ಬಿಟ್ಟ ನಿಪಾತ್, ನಿರ್ಘಾತ್, ವೀರ್ ಇದರ ಅಣ್ಣಂದಿರು. ಕಾರವಾರಕ್ಕೆ ಹೋದಾಗ ಎದುರಿನಿಂದ, ಪಕ್ಕದಿಂದ, ಹಿಂದಿನಿಂದ ಫೋಟೊ ತೆಗೆದುಕೊಳ್ಳಿ. ಸೆಲ್ಫಿ ಆಮೇಲೆ.

ಲೆಕ್ಕ ಸುಲಭ. 1:200 ಅಳತೆಯಲ್ಲಿ ಒಂದು ಮೀಟರ್ ಅಂದರೆ 5 ಮಿ.ಮೀ. ಚಾಪೆಲ್ ಜಾತಿಯ ದೋಣಿಯ ಉದ್ದ 38.6 ಮೀಟರ್, ಅಗಲ 7.6. ನಮ್ಮದು 19.3 ಸೆಂ.ಮೀ. ಉದ್ದ, 3.8 ಸೆಂ.ಮೀ. ಅಗಲ. ನೀರಿನ ಮೇಲೆ ಕಾಣುವ ಭಾಗ ಮಾತ್ರ ಮಾಡಿದರೆ ತಳ ಚಪ್ಪಟೆ, ಕೆಲಸ ಅರ್ಧ.

ಒಡಲಿಗೆ ಸನ್‌ಬೋರ್ಡ್, ಅಂದರೆ ಹಗುರವಾದ ಪ್ಲಾಸ್ಟಿಕ್ ಹಲಗೆ ಬೇಕು. ಫ್ಲೆಕ್ಸ್ ಅಂಗಡಿಯವರನ್ನು ಕೇಳಿದರೆ ಉಳಿದ ತುಂಡು ಸುಮ್ನೆ ಕೊಡುತ್ತಾರೆ. 5 ಎಂ.ಎಂ. ದಪ್ಪದ್ದು ಎರಡು ಪದರ ಸಾಕು. ಮೂತಿಯ ಕಡೆ ಮೇಲಿನ ಪದರವನ್ನು ಸ್ವಲ್ಪ ಮುಂದಕ್ಕೆ ಚಾಚಿಸಿ ಕತ್ತರಿಸಿ. ಅಂಟಿಸಲು ಫೆವಿಕ್ವಿಕ್. ಫೆವಿಕಾಲ್ ಇದಕ್ಕೆ ಸರಿಯಾಗಿ ಹಿಡಿಯೋದಿಲ್ಲ. ಆಮೇಲೆ ಸ್ಯಾಂಡ್ ಪೇಪರಿನಲ್ಲಿ ಉಜ್ಜಿ, ಒರಟಿನದರಿಂದ ನಯದ ಕಡೆಗೆ. ಬಾಯಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಆ ಪುಡಿ ಒಳ್ಳೇದಲ್ಲ.

ಮೇಲಿನ ಕೋಣೆಗಳಿಗೆ 3 ಎಂ.ಎಂ. ಹಲಗೆ. ನಾಲ್ಕು ಕ್ಷಿಪಣಿ ಕೊಳವೆಗಳಿಗೆ ಹಳೆಯ ಸ್ಕೆಚ್ ಪೆನ್ನಿನ ಮೈ. ಕ್ಷಿಪಣಿಯೇ 5.8 ಮೀಟರ್ ಇರುವುದರಿಂದ ಪ್ರತಿ ತುಂಡು 3 ಸೆಂ.ಮೀ.ಗಿಂತ ತುಸು ಉದ್ದ ಇರಲಿ. ಮುಂದೊಂದು, ಹಿಂದೊಂದು ಜೋಡಿ ನಳಿಗೆಯ ಫಿರಂಗಿಗೆ ಪೊರಕೆ ಕಡ್ಡಿ, ಕಂಬಕ್ಕೆ ಅಗರಬತ್ತಿ ಕಡ್ಡಿ. ಕಟಾಂಜನಕ್ಕೆ ಕೆಟ್ಟ ಇಯರ್‌ಫೋನ್ ಒಳಗಿನ ತಾಮ್ರದ ಎಳೆ. ಅದನ್ನು ಮಾತ್ರ ಬಣ್ಣವೆಲ್ಲ ಆದ ಮೇಲೆ ಅಂಟಿಸಿ. ಮೊದಲೇ ಅಂಟಿಸಿದರೆ ಕೈ ತಾಗಿ ಮುರಿಯುತ್ತದೆ.

ಈಗ ಬಣ್ಣ. ನನ್ನ ಮೊದಲ ಹಡಗಿಗೆ ಜುಲೈಯಲ್ಲಿ ಸ್ಪ್ರೇ ಹೊಡೆದೆ. ಬೂದು ಬಣ್ಣದ ಮೇಲೆ ಹಾಲು ಚೆಲ್ಲಿದ ಹಾಗೆ ಬಿಳಿ ಮಬ್ಬು ಬಂತು. ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅದರ ಮೇಲೆ ಕೂರುತ್ತದೆ. ಬೇಗ ಒಣಗಲಿ ಅಂತ ಬಲ್ಬಿನ ಹತ್ತಿರ ಇಟ್ಟೆ. ಸನ್‌ಬೋರ್ಡ್ ಬಿಸಿಗೆ ಮೆತ್ತಗಾಗಿ ಹಡಗು ಬಾಳೆಹಣ್ಣಿನ ಆಕಾರಕ್ಕೆ ತಿರುಗಿತು. ಈಗ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕತ್ತರಿಸೋದು, ಉಜ್ಜೋದು ಮಾತ್ರ. ಬಣ್ಣ ದೀಪಾವಳಿ ಕಳೆದ ಮೇಲೆ, ಬೆಳಗಿನ ಮಂಜು ಕರಗಿದ ನಂತರ.

ಕುಂಚದಲ್ಲಿ ಹಚ್ಚುವುದಾದರೆ ಅಕ್ರಿಲಿಕ್ ಸಾಕು. ಮೊದಲು ಪ್ರೈಮರ್. ಆಮೇಲೆ ಬೂದು ಬಣ್ಣಕ್ಕೆ ಸ್ವಲ್ಪ ಬಿಳಿ ಸೇರಿಸಿ. ದೂರದ ಹಡಗು ತಿಳಿಯಾಗಿ ಕಾಣುತ್ತದೆ ಅಲ್ವಾ? ಪುಟ್ಟ ಮಾದರಿಗೂ ಹಾಗೇ ಮಾಡಬೇಕು, ಇಲ್ಲದಿದ್ದರೆ ಆಟಿಕೆ ಅನಿಸುತ್ತದೆ. ತೆಳುವಾಗಿ ಮೂರು ಸಲ ಬಳಿಯಿರಿ, ದಪ್ಪವಾಗಿ ಒಂದೇ ಸಲ ಬೇಡ. ನೀರಿನ ಗೆರೆಗೆ ಒಂದು ರೂಪಾಯಿ ನಾಣ್ಯದ ಮೇಲೆ ಬಾಲ್‌ಪೆನ್ ರೀಫಿಲ್ ಅಡ್ಡ ಒತ್ತಿಹಿಡಿದು ಹಡಗಿನ ಸುತ್ತ ಎಳೆಯಿರಿ. ಗೀಟು ಎಲ್ಲೂ ಏರುಪೇರಾಗೋದಿಲ್ಲ. ಅದರ ಕೆಳಗೆ ಕಪ್ಪು.

ಕೊನೆಗೆ ನೀರಾದ ಕಪ್ಪು ಬಣ್ಣವನ್ನು ಸಂದುಗಳಿಗೆ ಬಿಟ್ಟು, ಹೆಚ್ಚಾದದ್ದನ್ನು ಬಟ್ಟೆಯಿಂದ ಒರೆಸಿ. ತುಕ್ಕಿಗೆ ಕಂದು ಬಣ್ಣ ಚೂರೇ ಚೂರು. ಕಾಫಿ ಊರಿನವನು ಅಂತ ನಾನು ಡಿಕಾಕ್ಷನ್ ಹಚ್ಚಿ ನೋಡಿದ್ದೆ. ತುಕ್ಕು ಚೆನ್ನಾಗಿಯೇ ಬಂತು, ಮುಂದಿನ ಮಳೆಗೆ ಅದರ ಮೇಲೆ ಬೂಷ್ಟೂ ಬಂತು.

ಮ್ಯಾಟ್ ವಾರ್ನಿಷ್ ಹಚ್ಚಿ, ಎರಡು ದಿನ ಬಿಟ್ಟು ಗಾಜಿನ ಪೆಟ್ಟಿಗೆಗೆ ಇಳಿಸಿ. ಹೊಸ ಚಪ್ಪಲಿ ಡಬ್ಬದಲ್ಲಿ ಬರುವ, ತೇವ ಹೀರುವ ಸಿಲಿಕಾ ಪೊಟ್ಟಣ ಎರಡನ್ನು ಮೂಲೆಗಿಡಿ. ಮೇ ಕೊನೆಗೆ ಅವನ್ನು ಬದಲಾಯಿಸಿ.