ಪೊರೆ ಬಲಿಯಲಿ ಅಂತ ಕಾಯಬೇಡಿ: ಕಣ್ಣಿನ ಡಾಕ್ಟರಾಗಿ ನನ್ನ ಅನುಭವ

ನನ್ನ ರೋಗಿಗಳಲ್ಲಿ ಹೆಚ್ಚಿನವರು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸುತ್ತಿನ ಹಳ್ಳಿಯವರು. ಅವರ ಬಾಯಲ್ಲಿ ನಾನು ಅತಿ ಜಾಸ್ತಿ ಕೇಳಿದ ಮಾತು ಇದು: "ಕಣ್ಣಾಗ ಪೊರಿ ಬಂದೈತ್ರಿ ಸಾಹೇಬ್ರ. ಬಲೀಲಿ ಅಂತ ಬಿಟ್ಟೇವ್ರಿ." ಈ ಮಾತು ಜನ ಸುಮ್ನೆ ಕಟ್ಟಿದ್ದಲ್ಲ. ಒಂದು ಕಾಲದಲ್ಲಿ ನಾವು ಡಾಕ್ಟರುಗಳೇ ಹಾಗೆ ಹೇಳಿ ಕಳಿಸುತ್ತಿದ್ದೆವು. ಆದರೆ ಈಗ ಹಾಗೆ ಕಾಯುತ್ತಾ ಕೂತವರಲ್ಲಿ ಕೆಲವರು ಪೊರೆಯಿಂದಲ್ಲ, ಗ್ಲಾಕೋಮಾದಿಂದ (ಹೆಚ್ಚಾಗಿ ಕಣ್ಣೊಳಗಿನ ಒತ್ತಡದಿಂದ ಕಣ್ಣಿನ ನರ ಸವೆಯುವ ರೋಗ) ಕಣ್ಣು ಕಳೆದುಕೊಳ್ಳುತ್ತಿದ್ದಾರೆ.

ನಾನು ಎಂ.ಎಸ್. ಓದಿದ್ದು 1980ರ ದಶಕದ ಕೊನೆಯಲ್ಲಿ. ಆಗ ಪೊರೆ ಬಂದ ಮಸೂರವನ್ನು (ಕಣ್ಣೊಳಗಿನ ಹುಟ್ಟು ಲೆನ್ಸನ್ನು) ಅದರ ಚೀಲದ ಸಮೇತ ಹೊರಗೆ ತೆಗೆಯುವುದು ಇನ್ನೂ ನಡೆಯುತ್ತಿತ್ತು. ಕ್ರಯೋ ಅಂತ ಒಂದು ಸಲಾಕೆ. ಅದರ ತಣ್ಣನೆಯ ತುದಿ ಮುಟ್ಟಿಸಿದರೆ ಮಸೂರ ಹೆಪ್ಪುಗಟ್ಟಿ ಅಂಟಿಕೊಳ್ಳುತ್ತಿತ್ತು. ಮೆಲ್ಲಗೆ ಎಳೆದು ತೆಗೆಯುತ್ತಿದ್ದೆವು. ಅದರ ಜಾಗಕ್ಕೆ ಏನನ್ನೂ ಹಾಕುತ್ತಿರಲಿಲ್ಲ. ಆಮೇಲೆ +10 ಪವರಿನ ಆಸುಪಾಸಿನ ದಪ್ಪ ಗಾಜಿನ ಕನ್ನಡಕ ಕೊಡುತ್ತಿದ್ದೆವು. ಅದರಲ್ಲಿ ಎಲ್ಲವೂ ದೊಡ್ಡದಾಗಿ ಕಾಣುತ್ತದೆ, ಪಕ್ಕದಲ್ಲಿ ಬಂದವರು ಕಾಣುವುದಿಲ್ಲ, ಮೆಟ್ಟಿಲು ಇಳಿಯುವಾಗ ಕಾಲು ಎಡವುತ್ತದೆ. ಒಂದೇ ಕಣ್ಣಿಗೆ ಆಪರೇಶನ್ ಆದರೆ ಎರಡು ಕಣ್ಣಿನ ನೋಟ ಕೂಡುವುದೇ ಇಲ್ಲ. ಹೀಗಿದ್ದಾಗ ಅಷ್ಟೋ ಇಷ್ಟೋ ಕಾಣುವ ಕಣ್ಣಿಗೆ ಕೈ ಹಾಕುವುದು ತಪ್ಪು. ಅದಕ್ಕೇ "ಇನ್ನೂ ಬಲಿಯಲಿ" ಅನ್ನುತ್ತಿದ್ದೆವು. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿ ಅವರು ಊರೂರು ತಿರುಗಿ ಕಣ್ಣಿನ ಕ್ಯಾಂಪ್ ಮಾಡಿದ್ದು ಆ ಕಾಲದಲ್ಲೇ. ಅವರ ಕ್ಯಾಂಪಿನಲ್ಲಿ ಕಣ್ಣು ಬಂದವರ ಮಕ್ಕಳು ಇವತ್ತಿಗೂ ಅವರ ಹೆಸರನ್ನು ಗೌರವದಿಂದ ಹೇಳುತ್ತಾರೆ.

ಇದನ್ನೆಲ್ಲ ಬದಲಿಸಿದ್ದು ಕಣ್ಣಿನೊಳಗೆ ಕೂರಿಸುವ ಲೆನ್ಸ್. ಲಂಡನ್ನಿನ ಕಣ್ಣಿನ ಡಾಕ್ಟರ್ ಹೆರಾಲ್ಡ್ ರಿಡ್ಲಿ 1949ರಲ್ಲೇ ಮೊದಲ ಲೆನ್ಸ್ ಹಾಕಿದ್ದರು. ಯುದ್ಧವಿಮಾನದ ಪ್ಲಾಸ್ಟಿಕ್ ಚೂರುಗಳು ಪೈಲಟ್‌ಗಳ ಕಣ್ಣಿಗೆ ಹೊಕ್ಕರೂ ಕಣ್ಣು ಕೆರಳದೆ ಸುಮ್ಮನಿದ್ದದ್ದನ್ನು ಅವರು ಗಮನಿಸಿದ್ದರು. ಅಂಥ ಒಂದು ಸಣ್ಣ ಗಮನದಿಂದ ಎಷ್ಟು ಕೋಟಿ ಜನರಿಗೆ ಬೆಳಕು ಬಂತು ಅಂತ ನೆನೆದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಆದರೆ ಹೊರದೇಶದ ಲೆನ್ಸ್ ಬೆಲೆ ನಮ್ಮ ಕೂಲಿಕಾರರ ಕೈಗೆ ಎಟುಕುತ್ತಿರಲಿಲ್ಲ. 1992ರಲ್ಲಿ ಮಧುರೈನ ಅರವಿಂದ ಆಸ್ಪತ್ರೆಯವರು ಆರೋಲ್ಯಾಬ್ ಶುರು ಮಾಡಿ ಲೆನ್ಸನ್ನು ಇಲ್ಲೇ ಕಡಿಮೆ ಬೆಲೆಗೆ ತಯಾರಿಸಿದರು. ಅಲ್ಲಿಂದಾಚೆ ಪೊರೆ ಬಲಿಯಲಿ ಅಂತ ಕಾಯುವುದಕ್ಕೆ ಕಾರಣವೇ ಉಳಿಯಲಿಲ್ಲ. ಕಾರಣ ಹೋಯಿತು, ಮಾತು ಮಾತ್ರ ಹಳ್ಳಿಗಳಲ್ಲಿ ಉಳಿದುಬಿಟ್ಟಿತು.

ಆಪರೇಶನ್ ಬಗ್ಗೆ ಒಂದು ಮಾತು. ಫೇಕೋ (ಪೊರೆಯನ್ನು ಅಲ್ಟ್ರಾಸೌಂಡಿನಿಂದ ಒಡೆದು ಹೀರಿ ತೆಗೆಯುವುದು) ಮಾಡುತ್ತೇನೆ, ಎಸ್ಐಸಿಎಸ್ಸೂ (ಸಣ್ಣ ಗಾಯದಿಂದ ಕೈಯಲ್ಲೇ ಪೊರೆ ಹೊರತೆಗೆಯುವುದು) ಮಾಡುತ್ತೇನೆ. ಫೇಕೋದಲ್ಲಿ ಮೂರು ಮಿಲಿಮೀಟರಿಗಿಂತ ಚಿಕ್ಕ ಗಾಯ, ಎಸ್ಐಸಿಎಸ್‌ನಲ್ಲಿ ಆರೇಳು ಮಿಲಿಮೀಟರಿನದು. ಎರಡರಲ್ಲೂ ಸಾಮಾನ್ಯವಾಗಿ ಹೊಲಿಗೆ ಬೇಕಾಗುವುದಿಲ್ಲ. ಬಿಸಿಲಲ್ಲಿ ದುಡಿದು ತಡವಾಗಿ ಬಂದವರ ಪೊರೆ ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿರುತ್ತದೆ. ಅಂಥದ್ದನ್ನು ಫೇಕೋದಲ್ಲಿ ಒಡೆಯಲು ತುಂಬಾ ಶಕ್ತಿ ಬೇಕು, ಕಾರ್ನಿಯಾಗೆ (ಕಣ್ಣಿನ ಮುಂದಿರುವ ಪಾರದರ್ಶಕ ಪದರಕ್ಕೆ) ಪೆಟ್ಟು ಬೀಳುತ್ತದೆ. ಅಲ್ಲಿ ನನ್ನ ಕೈ ತಾನಾಗಿ ಎಸ್ಐಸಿಎಸ್ ಕಡೆ ಹೋಗುತ್ತದೆ. ಅದನ್ನು ಬಡವರ ಆಪರೇಶನ್ ಅಂತ ಹೀಗಳೆಯುವುದನ್ನು ನಾನು ಒಪ್ಪುವುದಿಲ್ಲ. ಚೆನ್ನಾಗಿ ಮಾಡಿದ ಎಸ್ಐಸಿಎಸ್ ಒಳ್ಳೆಯ ದೃಷ್ಟಿ ಕೊಡುತ್ತದೆ.

ಪೊರೆ ತೆಗೆಯುವ ಕೆಲಸದಲ್ಲಿ ಸಂತೋಷ ಮರುದಿನವೇ ಸಿಗುತ್ತದೆ. ಪಟ್ಟಿ ಬಿಚ್ಚುತ್ತೇವೆ, ಮೊಮ್ಮಗಳ ಮುಖ ಕಾಣುತ್ತದೆ, ಕೈ ಮುಗಿಯುತ್ತಾರೆ. ಗ್ಲಾಕೋಮಾದಲ್ಲಿ ಅದೊಂದೂ ಇಲ್ಲ. ಹೋದ ನರ ವಾಪಸ್ ಬರುವುದಿಲ್ಲ. ಉಳಿದದ್ದನ್ನು ಉಳಿಸಿಕೊಳ್ಳುವುದಷ್ಟೇ ನಮ್ಮ ಕೈಯಲ್ಲಿರುವುದು. ಎಷ್ಟೋ ಜನರಿಗೆ ನೋವಿಲ್ಲ, ಕೆಂಪಿಲ್ಲ. ನೋಟ ಅಂಚಿನಿಂದ ಕಿರಿದಾಗುತ್ತಾ ಬರುತ್ತದೆ, ನಡುವಿನದ್ದು ಕೊನೆಯವರೆಗೂ ಇರುತ್ತದೆ. ಅದಕ್ಕೇ ರೋಗಿಗೆ ಗೊತ್ತೇ ಆಗುವುದಿಲ್ಲ. ಗೊತ್ತಾದರೂ "ಪೊರೆ ಇರಬೇಕು" ಅಂತ ತಾವೇ ತೀರ್ಮಾನ ಮಾಡಿಕೊಂಡಿರುತ್ತಾರೆ.

ಹಾಗಾಗಿ ಪೊರೆ ಅಂತ ಬಂದ ಪ್ರತಿಯೊಬ್ಬರಲ್ಲೂ ನಾನು ಮೊದಲು ಗ್ಲಾಕೋಮಾ ಹುಡುಕುತ್ತೇನೆ. ಇದಕ್ಕೆ ದೊಡ್ಡ ಮಶೀನಿಗಿಂತ ಮೊದಲು ಬೇಕಾದದ್ದು ಟಾರ್ಚು. ಪೊರೆ ಎಷ್ಟೇ ಬಲಿತಿರಲಿ, ಬೆಳಕು ಬಿಟ್ಟರೆ ಪಾಪೆ ಚುರುಕಾಗಿ ಕುಗ್ಗಬೇಕು. ಟಾರ್ಚನ್ನು ಒಂದು ಕಣ್ಣಿನಿಂದ ಇನ್ನೊಂದಕ್ಕೆ ಸರಿಸಿದಾಗ ಪಾಪೆ ಕುಗ್ಗುವ ಬದಲು ಅರಳಿದರೆ ಆ ಕಣ್ಣಿನ ನರಕ್ಕೋ ರೆಟಿನಾಕ್ಕೋ ಪೆಟ್ಟಾಗಿದೆ ಅಂತಲೇ ಅರ್ಥ. ಆಮೇಲೆ ನಾಲ್ಕೂ ದಿಕ್ಕಿನಿಂದ ಬೆಳಕು ಹಿಡಿದು "ಯಾವ ಕಡಿಂದ ಬರ್ತೈತಿ?" ಅಂತ ಕೇಳುತ್ತೇನೆ. ಪಾಪೆ ಹಿಗ್ಗಿಸುವ ಔಷಧಿ ಹಾಕುವ ಮೊದಲೇ ಕಣ್ಣೊಳಗಿನ ಒತ್ತಡ ಅಳೆಯುತ್ತೇನೆ, ಗೋನಿಯೋಸ್ಕೋಪಿ (ವಿಶೇಷ ಲೆನ್ಸ್ ಇಟ್ಟು ನೋಡುವ ಪರೀಕ್ಷೆ) ಮಾಡಿ ಕಣ್ಣೊಳಗಿನ ನೀರು ಹೊರಹೋಗುವ ಕೋನ ಅಗಲವಾಗಿದೆಯಾ ಅಂತ ನೋಡುತ್ತೇನೆ. 10ರಿಂದ 21ರವರೆಗಿನ ಒತ್ತಡವನ್ನು ಸರಿ ಅನ್ನುತ್ತಾರೆ. ಆದರೆ ನಂಬರು ನೋಡಿ ನಾನು ನೆಮ್ಮದಿಯಾಗುವುದಿಲ್ಲ. ಒತ್ತಡ 16 ಇದ್ದರೂ ನರ ಸವೆಯುವವರಿದ್ದಾರೆ. ಕಾರ್ನಿಯಾ ತೆಳುವಾಗಿದ್ದರೆ ಯಂತ್ರ ಕಡಿಮೆ ತೋರಿಸುತ್ತದೆ. ಕೊನೆಯ ತೀರ್ಪು ಕೊಡುವುದು ನರ ಮತ್ತು ಫೀಲ್ಡ್ ಟೆಸ್ಟ್ (ನೋಟ ಎಷ್ಟು ಅಗಲಕ್ಕಿದೆ ಅಂತ ಅಳೆಯುವ ಪರೀಕ್ಷೆ).

ಗ್ಲಾಕೋಮಾ ಸಿಕ್ಕಿದರೆ ಆಪರೇಶನ್‌ಗೆ ಮೊದಲೇ ಮನೆಯವರನ್ನು ಕೂರಿಸಿಕೊಂಡು ಹೇಳುತ್ತೇನೆ: ಪೊರೆ ತೆಗೆದರೆ ಇಷ್ಟು ಬರಬಹುದು, ಇಷ್ಟು ಬರುವುದಿಲ್ಲ. ಇಂಥವರಿಗೆ ಆದಷ್ಟೂ ಪಕ್ಕದಿಂದ, ಕಾರ್ನಿಯಾದ ಮೂಲಕವೇ ಫೇಕೋ ಮಾಡುತ್ತೇನೆ. ಮುಂದೆ ಟ್ರ್ಯಾಬ್ (ಗ್ಲಾಕೋಮಾದ ಆಪರೇಶನ್, ಟ್ರ್ಯಾಬೆಕ್ಯುಲೆಕ್ಟಮಿ) ಬೇಕಾದರೆ ಮೇಲಿನ ಬಿಳಿಗುಡ್ಡೆಯ ತೆಳು ಚರ್ಮ ಗಾಯವಿಲ್ಲದೆ ಉಳಿದಿರಬೇಕಲ್ವಾ.

ಪೊರೆಯೇ ಗ್ಲಾಕೋಮಾ ತಂದಿಡುವುದೂ ಉಂಟು. ಮಸೂರ ಬಲಿತು ಊದಿಕೊಂಡರೆ ಕೋನವನ್ನು ಮುಚ್ಚಿಬಿಡುತ್ತದೆ. ಅತಿಯಾಗಿ ಬಲಿತರೆ ಅದರ ಪ್ರೋಟೀನ್ ಸೋರಿ ಕೋನದಲ್ಲಿ ನೀರು ಸೋಸಿ ಹೋಗುವ ಜಾಲರಿಯನ್ನು ಕಟ್ಟುತ್ತದೆ. ಒಮ್ಮೆ ಒಬ್ಬ ಅಜ್ಜಿಯನ್ನು ಮಗ ಎತ್ತಿಕೊಂಡೇ ಬಂದ. "ಮೂರು ದಿನದಿಂದ ತಲಿ ಒಡದು ಹೊಂಟೈತಿ ಅಂತಾಳ್ರಿ. ವಾಂತೀನೂ ಆಗೈತಿ. ಪಿತ್ತ ಅಂತ ಗುಳಿಗಿ ಕೊಟ್ಟಿದ್ರು." ಕಣ್ಣು ಕೆಂಪಾಗಿತ್ತು, ಕಾರ್ನಿಯಾ ಮಂಜಾಗಿತ್ತು, ಒತ್ತಡ 50ರ ಮೇಲಿತ್ತು. "ಯವ್ವಾ, ಬೆಳಕು ಕಾಣ್ತೈತೇನ?" ಅಂದೆ. "ಏನೂ ಇಲ್ಲಪಾ." ಮ್ಯಾನಿಟಾಲ್ ಹಾಕಿ, ಡಯಮಾಕ್ಸ್ ಕೊಟ್ಟು, ಒತ್ತಡ ಇಳಿಸಿ ಪೊರೆ ತೆಗೆದೆವು. ನೋವು ಹೋಯಿತು. ದೃಷ್ಟಿ ಬರಲಿಲ್ಲ. ಆ ಕಣ್ಣಿನ ಪೊರೆ ಒಂದು ವರ್ಷದಿಂದ "ಬಲಿಯುತ್ತಿತ್ತು". ತಲೆನೋವು, ವಾಂತಿ, ಜೊತೆಗೆ ಕೆಂಪಾದ ಕಣ್ಣು ಇದ್ದರೆ ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಬನ್ನಿ. ರಾತ್ರಿಯಾದರೂ ಪರವಾಗಿಲ್ಲ.

ನನ್ನನ್ನು ಇದಕ್ಕಿಂತ ಜಾಸ್ತಿ ಕಾಡುವುದು ಮಕ್ಕಳು. ಬೇಸಿಗೆಯಲ್ಲಿ ಅಲರ್ಜಿಯಿಂದ ಕಣ್ಣು ತುರಿಸುತ್ತದೆ. ಯಾರೋ ಒಮ್ಮೆ ಸ್ಟೀರಾಯ್ಡ್ ಡ್ರಾಪ್ಸ್ ಬರೆದಿರುತ್ತಾರೆ. ಎರಡೇ ದಿನದಲ್ಲಿ ತುರಿಕೆ ಮಾಯ. ಆಮೇಲೆ ಅದೇ ಹಳೆ ಚೀಟಿ ತೋರಿಸಿ ಮೆಡಿಕಲ್ ಶಾಪಿನಿಂದ ತರುತ್ತಲೇ ಇರುತ್ತಾರೆ. ತಿಂಗಳುಗಟ್ಟಲೆ ಹಾಕಿದರೆ ಕೆಲವು ಮಕ್ಕಳಲ್ಲಿ ಒತ್ತಡ 40 ದಾಟುತ್ತದೆ, ಪೊರೆಯೂ ಬರುತ್ತದೆ. ಹಿಂದಿನ ಬೆಂಚಿನಿಂದ ಬೋರ್ಡು ಕಾಣಲ್ಲ ಅಂತ ಕನ್ನಡಕಕ್ಕೆ ಬಂದ ಹುಡುಗನ ನರ ಮುಕ್ಕಾಲು ಹೋಗಿರುವುದನ್ನು ನೋಡಿದಾಗ ಅಪ್ಪ ಅಮ್ಮನಿಗೆ ಏನು ಹೇಳಬೇಕು? ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್ ಅಂತ ಬಾಟಲಿ ಮೇಲಿದ್ದರೆ ಡಾಕ್ಟರು ಹೇಳಿದ ದಿನ ದಾಟಿ ಒಂದು ಹನಿಯನ್ನೂ ಹಾಕಬೇಡಿ. ತುರಿಕೆಗೆ ತಣ್ಣೀರಿನ ಬಟ್ಟೆ ಇದೆ, ಸ್ಟೀರಾಯ್ಡ್ ಇಲ್ಲದ ಬೇರೆ ಡ್ರಾಪ್ಸ್ ಇವೆ.

ದೊಡ್ಡವರ ಗ್ಲಾಕೋಮಾಕ್ಕೆ ಹೆಚ್ಚಾಗಿ ದಿನಾ ಹನಿ ಹಾಕಿಕೊಳ್ಳುವುದೇ ಚಿಕಿತ್ಸೆ. ಅದೂ ಜೀವನಪೂರ್ತಿ. ಹಾಕಿದರೆ ಏನೂ ಗೊತ್ತಾಗಲ್ಲ, ಬಿಟ್ಟರೂ ಗೊತ್ತಾಗಲ್ಲ. ನಾನು ಹೇಳುವುದು ಇಷ್ಟೇ: "ಬಚ್ಚಲದ ಕಿಂಡಿ ಕಟ್ಟಿದ್ರ ನೀರು ನಿಲ್ತೈತಲ್ಲ, ಕಣ್ಣಾಗೂ ಹಂಗ. ಈ ಹನಿ ನೀರನ್ನ ಹದದಾಗ ಇಡತೈತಿ." ಆಮೇಲೆ ನನ್ನ ಎದುರಿಗೇ ಹಾಕಿಸುತ್ತೇನೆ. ಇದನ್ನು ಮಾಡಿಸಿ ನೋಡದ ಡಾಕ್ಟರಿಗೆ ಎಷ್ಟು ಹನಿ ಕೆನ್ನೆಗೆ ಹೋಗುತ್ತಿದೆ ಅಂತ ಗೊತ್ತೇ ಇರುವುದಿಲ್ಲ. ಮಲಗಬೇಕು, ಕೆಳರೆಪ್ಪೆ ಎಳೆಯಬೇಕು, ಒಂದೇ ಹನಿ. ಕಣ್ಣು ಮುಚ್ಚಿ ಮೂಗಿನ ಪಕ್ಕದ ಮೂಲೆಯನ್ನು ಎರಡು ನಿಮಿಷ ಒತ್ತಿ ಹಿಡಿಯಬೇಕು. ಎರಡನೇ ಔಷಧಿ ಇದ್ದರೆ ಐದು ನಿಮಿಷ ಬಿಟ್ಟು. ಟಿಮೋಲಾಲ್ ಹನಿ ಬರೆಯುವ ಮೊದಲು ದಮ್ಮು ಇದೆಯಾ ಅಂತ ಕೇಳುವುದನ್ನು ನಾನು ಎಂದೂ ಬಿಡುವುದಿಲ್ಲ, ಉಬ್ಬಸದವರಿಗೆ ಅದು ಅಪಾಯ. ಲ್ಯಾಟನೊಪ್ರಾಸ್ಟ್ ಹನಿ ರಾತ್ರಿ ಒಂದೇ ಸಲ ಸಾಕು. ರೆಪ್ಪೆಗೂದಲು ಉದ್ದವಾಗಬಹುದು, ಕಣ್ಣಿನ ಸುತ್ತ ಕಪ್ಪಾಗಬಹುದು. ಇದನ್ನು ಮೊದಲೇ ಹೇಳದಿದ್ದರೆ ಹೆದರಿ ನಿಲ್ಲಿಸಿಬಿಡುತ್ತಾರೆ.

ಹನಿಯಿಂದ ಆಗದಿದ್ದರೆ ಟ್ರ್ಯಾಬೆಕ್ಯುಲೆಕ್ಟಮಿ. 1968ರಲ್ಲಿ ಕೇರ್ನ್ಸ್ ಎಂಬ ಕಣ್ಣಿನ ಸರ್ಜನ್ ವಿವರಿಸಿದ ಆಪರೇಶನ್, ಇವತ್ತಿಗೂ ನನ್ನ ಬಲಗೈ. ನೀರಿಗೆ ಮೇಲುರೆಪ್ಪೆಯ ಅಡಿ ಹೊಸ ದಾರಿ ಮಾಡಿಕೊಡುತ್ತೇವೆ. ಕಷ್ಟ ಇರುವುದು ಆಮೇಲಿನ ವಾರಗಳಲ್ಲಿ. ಗಾಯ ಮಾಯುವುದು ಸಾಮಾನ್ಯವಾಗಿ ನಾವು ಬಯಸುವುದೇ. ಇಲ್ಲಿ ಮಾತ್ರ ಪೂರ್ತಿ ಮಾಯ್ದರೆ ದಾರಿ ಮುಚ್ಚಿಹೋಗುತ್ತದೆ. ಅದಕ್ಕೇ ಮಾಯುವುದನ್ನು ತಡೆಯುವ ಮೈಟೊಮೈಸಿನ್ ಹಚ್ಚುತ್ತೇವೆ, ಹೊಲಿಗೆಯನ್ನು ಹದ ನೋಡಿ ಒಂದೊಂದಾಗಿ ಸಡಿಲ ಮಾಡುತ್ತೇವೆ. ಮೊದಲ ತಿಂಗಳು ಕರೆದಾಗಲೆಲ್ಲ ಬರುತ್ತೇನೆ ಅಂದವರಿಗೆ ಮಾತ್ರ ದಿನ ಗೊತ್ತುಮಾಡುತ್ತೇನೆ.

ಗ್ಲಾಕೋಮಾ ಮನೆತನದಲ್ಲಿ ಓಡುತ್ತದೆ. ಒಬ್ಬರಿಗೆ ಸಿಕ್ಕರೆ ಅಣ್ಣ ತಮ್ಮ, ಅಕ್ಕ ತಂಗಿ, ನಲವತ್ತು ದಾಟಿದ ಮಕ್ಕಳ ಹೆಸರು, ಫೋನ್ ನಂಬರ್ ಆ ರೋಗಿಯ ಕಾರ್ಡಿನ ಹಿಂದೆ ಬರೆದುಕೊಳ್ಳುತ್ತೇವೆ. ಮೊದಲ ಸಲ ಫೋನ್ ಮಾಡಿದರೆ "ನನಗೆ ಚಲೋ ಕಾಣ್ತೈತ್ರೀ" ಅಂತ ಇಡುತ್ತಾರೆ. ನಮ್ಮ ಸಿಸ್ಟರ್ ಬಿಡುವುದಿಲ್ಲ, ಮತ್ತೆ ಮಾಡುತ್ತಾರೆ. ಹನಿ ಮುಗಿದರೂ ಬಾರದವರಿಗೂ ಅವರೇ ಫೋನ್. ನಂಬರ್ ಬಂದ್ ಆಗಿದ್ದರೆ ಆ ಊರಿನ ಆಶಾ ಕಾರ್ಯಕರ್ತೆಗೆ ಹೇಳಿ ಕಳಿಸುತ್ತೇವೆ. ಸುಗ್ಗಿ ಸಮಯದಲ್ಲಿ ಬಾರದವರ ಪಟ್ಟಿ ಉದ್ದವಾಗುತ್ತದೆ. ಅದಕ್ಕೇ ಸುಗ್ಗಿಗೆ ಮುಂಚೆ ಎರಡು ತಿಂಗಳಿಗೆ ಸಾಕಾಗುವಷ್ಟು ಬಾಟಲಿಗಳನ್ನು ಒಟ್ಟಿಗೇ ಕೊಟ್ಟು ಕಳಿಸುವುದನ್ನು ಈಗ ರೂಢಿ ಮಾಡಿಕೊಂಡಿದ್ದೇವೆ.